ಗಡಿಗೆಯಲ್ಲಿ ಕುದಿದ ಹಲಗೆ

ಅಡುಗೆಮನೆಯ ಕಪಾಟಿನ ಬಾಗಿಲು ನೀರು ಕುಡಿದು ಉಬ್ಬಿ, ಮುಚ್ಚದಂತಾಗಿತ್ತು. ಹೊಸ ಪ್ಲೈವುಡ್ ಆರಿಸಲು ಮೊನ್ನೆ ಬಡಿಗೇರನ ಜೊತೆ ಅಂಗಡಿಗೆ ಹೋದೆ. ಸಾಲಾಗಿ ನಿಲ್ಲಿಸಿದ ಹಲಗೆಗಳ ಸಂದಿಯಿಂದ ಅಂಟಿನ ವಾಸನೆ ಬಂತು ನೋಡಿ, ನಾನು ಬಂದ ಕೆಲಸವನ್ನೇ ಮರೆತು ಅಲ್ಲಿದ್ದ ಬೆಂಚಿನ ಮೇಲೆ ಕುಳಿತುಬಿಟ್ಟೆ. ನನಗೆ ತಲೆ ಸುತ್ತಿತೆಂದು ಬಡಿಗೇರ ನೀರು ತರಲು ಓಡಿದ. ತಲೆ ಸುತ್ತಿರಲಿಲ್ಲ, ನಿಜಾಮರ ಕಾಲದ ಲಿಂಗಸುಗೂರಿಗೆ ಹೋಗಿತ್ತು, ಅಷ್ಟೆ.

ನಮ್ಮ ಮನೆ ಸಿಂಧನೂರಿನಲ್ಲಿ. ನಾನು ಕಲಿಯುತ್ತಿದ್ದ ಕಾನ್ವೆಂಟು ತುಂಗಭದ್ರೆಯ ಆಚೆ, ಇಂಗ್ಲಿಷರ ಸೀಮೆಯಲ್ಲಿ. ರಜೆ ಮುಗಿದಾಗಲೆಲ್ಲ ಅಪ್ಪನ ದೋಣಿಯಲ್ಲೇ ಹೊಳೆ ದಾಟಬೇಕು. ಹತ್ತಿ, ಶೇಂಗಾ ಸಾಗಿಸುವ ಮರದ ದೋಣಿ ಅದು. ಹರಿಗೋಲುಗಳು ಬೇಕಾದಷ್ಟಿದ್ದವು, ಆದರೆ ಅವು ಗಿರಗಿರ ತಿರುಗುವುದನ್ನು ದಂಡೆಯಿಂದ ನೋಡಿದರೇ ನಮ್ಮ ಅಜ್ಜಿಗೆ ಹೊಟ್ಟೆ ತೊಳಸುತ್ತಿತ್ತು. ಮೊಮ್ಮಗಳನ್ನು ಅದರಲ್ಲಿ ಕೂರಿಸುವ ಮಾತೇ ಇರಲಿಲ್ಲ.

ದೋಣಿಯ ತಳ ಹಳತಾಗಿತ್ತು. ಮಹಾಯುದ್ಧದ ದೆಸೆಯಿಂದ ಒಳ್ಳೆಯ ಸಾಗುವಾನಿ ಕಣ್ಣಿಗೆ ಬೀಳುತ್ತಿರಲಿಲ್ಲ. ಅಪ್ಪ ಚಹಾದ ಪೆಟ್ಟಿಗೆಯ ಹಲಗೆ ತಂದು ತೇಪೆ ಹಾಕಿಸಿದ್ದರು. ಪದರದ ಮೇಲೆ ಪದರ ಅಂಟಿಸಿದ ತೆಳು ಹಲಗೆ, ನೋಡಲು ಬಲು ನಯ. ಯುದ್ಧ ಮುಗಿದ ಮರುವರ್ಷ ಬೇಸಿಗೆಯ ರಜೆಗೆ ನನ್ನನ್ನು ಕರೆತರಲು ಅಜ್ಜಿ ಬಂದಿದ್ದಳು. ನಡುಹೊಳೆಯಲ್ಲಿ ಆ ತೇಪೆ ನೆನೆದ ನೋಟುಬುಕ್ಕಿನ ಹಾಗೆ ಹಾಳೆಹಾಳೆಯಾಗಿ ಬಿಚ್ಚಿಕೊಂಡಿತು. ನೀರು ಮೊಣಕಾಲಿಗೆ ಬಂತು. ಅಜ್ಜಿ ನನ್ನ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದವಳು ದಂಡೆ ಮುಟ್ಟುವವರೆಗೂ ಬಿಡಲಿಲ್ಲ.

ಮನೆಗೆ ಬಂದು ಸೀರೆ ಬದಲಿಸುವ ಮೊದಲೇ ತೀರ್ಪು ಹೇಳಿದಳು. “ಹೊಳಿ ತುಂಬೂದರಾಗ ದೋಣಿ ಗಟ್ಟಿ ಆದ್ರ ಹುಡಿಗಿ ಸಾಲಿಗೆ ಹೋಗ್ಲಿ. ಇಲ್ಲಂದ್ರ ಮಸ್ಕಿಯವ್ರಿಗೆ ಹೂಂ ಅನ್ನೂದ.”

ಮಸ್ಕಿಯವರು ಎಂದರೆ ನನ್ನನ್ನು ಸೊಸೆಯಾಗಿ ಕೇಳಿದ್ದ ಮನೆತನ. ನನಗೆ ಆಗ ಹದಿಮೂರು. ಅಂದಿನಿಂದ ಬೆಳಿಗ್ಗೆ ಅಜ್ಜಿ ಕಲಿಸಿದ ಪಂಚಾಕ್ಷರಿ, ಸಂಜೆ ಸಿಸ್ಟರು ಕಲಿಸಿದ ಪ್ರಾರ್ಥನೆ ಎರಡನ್ನೂ ಹೇಳತೊಡಗಿದೆ. ಇಬ್ಬರು ದೇವರಲ್ಲಿ ಯಾರಾದರೊಬ್ಬರು ಒಂದು ಹಲಗೆ ಕೊಟ್ಟರೆ ಸಾಕಿತ್ತು.

ಲಿಂಗಸುಗೂರಿನ ಒಬ್ಬ ಸಾಹುಕಾರರು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಹಲಗೆಗಳನ್ನು ತಂದಿದ್ದಾರೆಂದು ಸುದ್ದಿ ಬಂತು. ಬಂಡಿ ಕಟ್ಟಿದೆವು: ಅಪ್ಪ, ದೋಣಿ ನಡೆಸುವ ಅಂಬಿಗರ ಯಂಕಪ್ಪ, ಅಜ್ಜಿ, ನಾನು. ಹಲಗೆ ಸಿಗದಿದ್ದರೆ ಬರುವಾಗ ಮಸ್ಕಿಯಲ್ಲಿ ಇಳಿದು ಹೆಣ್ಣು ತೋರಿಸಿಯೇ ಬರುವುದೆಂದು ಅಜ್ಜಿ ನನಗೆ ರೇಷ್ಮೆ ಸೀರೆ ಉಡಿಸಿದ್ದಳು. ಪ್ಲೈವುಡ್ ಕೊಳ್ಳಲು ಅಷ್ಟು ಸಿಂಗಾರವಾಗಿ ಹೋದವಳು ಆ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಅಂಗಡಿಯಲ್ಲಿ ಅಪ್ಪನ ಕೈ ನೇರವಾಗಿ ಹೊಳೆಯುವ ಬಿಳಿ ಹಲಗೆಯ ಮೇಲೆ ಹೋಯಿತು. ಯಂಕಪ್ಪ ಹಲಗೆಯ ಮುಖ ನೋಡಲಿಲ್ಲ, ಅಂಚು ನೋಡಿದ. ಪದರಗಳನ್ನು ಉಗುರಿನಿಂದ ಎಣಿಸಿದ, ಬೆರಳ ಗೆಣ್ಣಿನಿಂದ ಉದ್ದಕ್ಕೂ ಬಡಿದು ಕಿವಿಗೊಟ್ಟ. ಮೂಲೆಯಲ್ಲಿದ್ದ ಕಂದು ಬಣ್ಣದ ಒರಟು ಹಲಗೆಯೊಂದನ್ನೂ ಹಾಗೆಯೇ ಬಡಿದ. ಆಮೇಲೆ ಎರಡರದೂ ಒಂದೊಂದು ತುಂಡು ಕೊಡಿರಿ, ಕುದಿಸಿ ನೋಡಬೇಕು ಎಂದ.

“ಯಾಕಲೇ, ಹಲಗಿ ಬೇಯಿಸಿ ಉಣ್ಣಾಂವೇನು? ಉಪ್ಪು ಖಾರ ತರಸ್ಲೇನು?” ಎಂದರು ಸಾಹುಕಾರರು.

“ಬ್ಯಾಡ್ರಿ ಸಾವ್ಕಾರ್ರ. ಹೊಳಿ ಮೂರು ತಿಂಗಳಾಗ ಹೇಳೂದನ್ನ ಗಡಿಗಿ ಒಂದು ತಾಸಿನಾಗ ಹೇಳ್ತದ.”

ಸಾಹುಕಾರರು ನಕ್ಕು ತುಂಡು ಕೊಯ್ಯಿಸಿಕೊಟ್ಟರು, ಗಡಿಗೆ ಮಾತ್ರ ಕೊಡಲಿಲ್ಲ. ಅಂಟು ಹತ್ತಿದ ಗಡಿಗೆಯಲ್ಲಿ ಮತ್ತೆ ಯಾರು ಅಡುಗೆ ಮಾಡುತ್ತಾರೆ? ಅಕ್ಕಪಕ್ಕದ ಮನೆಗಳಲ್ಲೂ ಇಲ್ಲವೆಂದರು. ಅಪ್ಪ ಬಿಳಿ ಹಲಗೆಯನ್ನೇ ಒಯ್ಯೋಣವೆಂದು ಗಡಿಬಿಡಿ ಮಾಡಿದರು. ಯಂಕಪ್ಪ ತುಂಡುಗಳನ್ನು ಕೈಯಿಂದ ಬಿಡಲಿಲ್ಲ.

ಅಜ್ಜಿ ಬಂಡಿಯಿಂದ ಇಳಿದಳು. ಕೈಯಲ್ಲಿ, ದಾರಿಯಲ್ಲಿ ಬೇಯಿಸಿಕೊಳ್ಳಲು ತಂದಿದ್ದ ಅವಳದೇ ಅಡುಗೆಯ ಮಣ್ಣಿನ ಗಡಿಗೆ ಇತ್ತು.

“ತಗೋ, ಕುದಸು,” ಎಂದಳು. “ಅನುಮಾನ ಇಟಗೊಂಡು ಹೊಳಿಗೆ ಇಳಿಬ್ಯಾಡ.”

ಮೂರು ಕಲ್ಲು ಹೂಡಿ ಬೆಂಕಿ ಹಚ್ಚಿದರು. ನೀರು ಮರಳಿದಂತೆ ತೊಗಲು ಸುಟ್ಟಂಥ ವಾಸನೆ ಎದ್ದಿತು. ಬಿಳಿ ಹಲಗೆಯ ಅಂಟು ದನದ ತೊಗಲಿನಿಂದ ಮಾಡಿದ್ದೆಂದು ಯಾರೂ ಹೇಳಬೇಕಾಗಲಿಲ್ಲ. ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು, ಆದರೆ ಇಳಿಸು ಎನ್ನಲಿಲ್ಲ. ಒಂದು ತಾಸಿಗೆ ಬಿಳಿಯದು ಪದರ ಪದರವಾಗಿ ತೇಲಿತು. ಕಂದು ತುಂಡನ್ನು ಅಜ್ಜಿ ತಾನೇ ಎತ್ತಿಕೊಂಡು ಉಗುರು ತೂರಿಸಿ ನೋಡಿದಳು. ಉಗುರು ಮುರಿಯಿತು. ಗಡಿಗೆಯನ್ನು ಅಲ್ಲೇ ಕಲ್ಲಿನ ಮೇಲೆ ಬೋರಲು ಹಾಕಿ ಬಂಡಿ ಹತ್ತಿದಳು.

ಮಸ್ಕಿಯಲ್ಲಿ ನನ್ನನ್ನು ಕೊಂಡ ಕಂದು ಹಲಗೆಗಳ ಜೊತೆ ಬಂಡಿಯಲ್ಲೇ ಕೂರಿಸಿ ಒಬ್ಬಳೇ ಇಳಿದು ಹೋದಳು. ಅಂಗಳದಿಂದ ಅವಳ ದನಿ ಕೇಳಿಸಿತು: “ಹುಡಿಗಿ ಇನ್ನಾ ಓದಾಕತ್ಯಾಳ್ರಿ. ಓದು ಮುಗೀಲಿ, ಆಮ್ಯಾಲೆ ನೋಡೂಣು.” ಅವರು ಊಟಕ್ಕೆ ಬಲವಂತ ಮಾಡಿದರು. ಉಂಡೇ ಬಂದೀವ್ರಿ ಎಂದಳು. ಆ ಜೂನಿನಲ್ಲಿ ನಾನು ಹೊಳೆ ದಾಟಿದೆ, ಮುಂದಿನ ಮೂರು ವರ್ಷವೂ ದಾಟಿದೆ. ನನ್ನ ಓದು ಯಂಕಪ್ಪನ ಋಣ ಎಂದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇನೆ. ಅದು ಸುಳ್ಳಲ್ಲ.

ಬಡಿಗೇರ ನೀರು ತಂದು ಕೊಟ್ಟ. ಲೋಟ ಕೈಯಲ್ಲಿ ಹಿಡಿದಾಗ ಇಷ್ಟು ವರ್ಷ ಹೊಳೆಯದ ಒಂದು ಸಂಗತಿ ಹೊಳೆಯಿತು. ಅಜ್ಜಿ ಪರರ ಪಾತ್ರೆಯಲ್ಲಿ ಬೆಂದದ್ದನ್ನು ಮುಟ್ಟುವವಳಲ್ಲ, ತಂಗಳು ತಿನ್ನುವವಳಲ್ಲ. ಹೊಸ ಗಡಿಗೆ ಕೊಂಡರೂ ನಾಲ್ಕು ದಿನ ನೀರಲ್ಲಿ ನೆನೆಸದೆ ಒಲೆಗೆ ಇಡುವಂತಿರಲಿಲ್ಲ. ಲಿಂಗಸುಗೂರಿನಿಂದ ಸಿಂಧನೂರಿಗೆ ಬಂಡಿಯಲ್ಲಿ ಎರಡು ದಿನದ ದಾರಿ. ನಾವೆಲ್ಲ ತಂಗಳು ರೊಟ್ಟಿ ಬಿಚ್ಚಿದಾಗ ಅವಳು ಹಸಿವಿಲ್ಲವೆಂದು ಆಚೆ ತಿರುಗಿ ಕುಳಿತಿದ್ದಳು. ನಾನು, ಹದಿಮೂರರ ಜಾಣೆ, ಅವಳ ಪಾಲಿನ ಚಟ್ನಿಯನ್ನೂ ತಿಂದಿದ್ದೆ.