ಡಂಗುರ ಕಾಕಾನ ದನಿ

ಜೇವರ್ಗಿ ತಾಲ್ಲೂಕಿನ ನಮ್ಮೂರಲ್ಲಿ ಇತಿಹಾಸ ಎಂದು ತೋರಿಸಲು ಅರ್ಧ ಕುಸಿದ ಕಾವಲು ಬುರುಜು ಹುಡೇವು, ಕದವಿಲ್ಲದ ಊರಬಾಗಿಲು ಅಗಸಿ ಇವೆ. ಕೇಳಿಸಲು ಇದ್ದದ್ದು ಒಂದೇ, ಡಂಗುರ ಸಾರುವ ಕಾಕಾನ ದನಿ. "ಕೇಳ್ರಪೋ ಕೇಳ್ರೀ" ಎಂದು ಅವರು ಎಳೆದರೆ ಎಮ್ಮೆಗಳೂ ಮೆಲುಕು ನಿಲ್ಲಿಸುತ್ತಿದ್ದವು.

ನಾನು ಊರಿನ ಎಲ್ಲರ ದನಿ ತೆಗೆಯುತ್ತೇನೆ. ಮಾಸ್ತರರ ಕೆಮ್ಮು, ಕೋಳಿಗೆ ಬೈಯುವ ಅವ್ವನ ಧಾಟಿ, ಎಲ್ಲ ಬರುತ್ತದೆ. ನನ್ನ ಸ್ವಂತ ದನಿ ಮಾತ್ರ, ಅವ್ವನ ಪ್ರಕಾರ, ಗಾಳಿ ಹೋದ ಸೈಕಲ್ ಟ್ಯೂಬಿನದು.

ಹೋದ ವರ್ಷ ಕಾಕಾನ ಗಂಟಲಿಗೆ ಕಲಬುರಗಿಯಲ್ಲಿ ಆಪರೇಷನ್ ಆಯಿತು. ಉಳಿದದ್ದು ಪಿಸುಮಾತು. ನಳ ಬಿಟ್ಟ ಸುದ್ದಿ ಸಾರಲು ಪಂಚಾಯ್ತಿಯವರು ಆಟೋಕ್ಕೆ ಮೈಕು ಕಟ್ಟಿದರು. ಐಸ್‌ಕ್ರೀಮಿನವನೆಂದು ಹುಡುಗರಷ್ಟೇ ಓಡಿ ಬಂದರು. ಕಡೆಗೆ ಒಬ್ಬ ಮೆಂಬರು, "ಲೇ, ಕಾಕಾನ ಗತೆ ಒದರು" ಎಂದು ಮೈಕನ್ನು ನನ್ನ ಕೈಗಿಟ್ಟರು.

ಒದರಿದೆ, ಕಾಕಾ ನಡೆಯುತ್ತಿದ್ದ ಸರದಿಯಲ್ಲೇ. ಮೊದಲು ಚಾವಡಿ, ಆಮೇಲೆ ಗೌಡರ ಓಣಿ, ಗುಡಿ ಓಣಿ. ಎಲ್ಲಕ್ಕೂ ಕೊನೆಗೆ ಅಗಸಿಯಾಚೆಗಿನ ಕಾಕಾನದೇ ಓಣಿ. ಅವರ ಮುತ್ಯಾನ ಕಾಲದಿಂದಲೂ ಹಾಗೇ. ಜನ ಹೊರಬಂದರು. ಒಬ್ಬ ಅತ್ತೆ, "ಕಾಕಾ, ಗಂಟಲಾ ಆರಾಮಾಯ್ತಾ?" ಎನ್ನುತ್ತ ಬಂದವಳು ನನ್ನನ್ನು ಕಂಡು, "ಥೂ, ನೀನಾ" ಎಂದು ಒಳಗೆ ಹೋದಳು.

ಅಗಸಿ ದಾಟಿದೆ. ದನಿ ಕಳೆದುಕೊಂಡವರ ಬಾಗಿಲಿಗೆ ಅದೇ ದನಿ ಹೊತ್ತು ಹೊರಟಿದ್ದೆ. ಕಾಕಾ ಕಟ್ಟೆಯ ಮೇಲಿದ್ದರು. ಒಳಗೋಡೆಯಲ್ಲಿ ಬುದ್ಧನ ಪಟ. ನರ್ಸ್ ಆಗಿರುವ ಮಗಳು ಬಾಗಿಲಿಗೆ ಬಂದು ನಿಂತಳು.

"ನಮ್ಮಪ್ಪಂದು ದನಿ ಹೋಗ್ಯಾದ, ನಿನಗ ಚಾಷ್ಟಿ ಆಗ್ಯಾದೇನೋ?"

ಮೈಕು ಆರಿಸಿದೆ. ಕಾಕಾ ಕೈಸನ್ನೆಯಿಂದ ಕರೆದರು. ಅವರ ಬಾಯಿಯ ಹತ್ತಿರ ಕಿವಿ ಹಿಡಿದೆ.

"ದನಿ ಛಲೋ ತಗದಿ. ಇಟ್ಕೋ."

ನಾನು ಏಳಹೊರಟರೆ ಅಂಗಿ ಹಿಡಿದು ಜಗ್ಗಿದರು.

"ದನಿ ನಂದು, ಆದ್ರ ಸರದಿ ನಂದಲ್ಲ. ಗೌಡ್ರ ಮಂದಿ ಹಾಕಿಕೊಟ್ಟಿದ್ದು. ಸುದ್ದಿ ಇಲ್ಲಿಗೆ ಮುಟ್ಟೂದ್ರಾಗ ನಳ ಬಂದ್ ಆಗಿರ್ತಿತ್ತು. ನಾನು ಒಂದಿನಾನೂ ತಿರುಗಿಸ್ಲಿಲ್ಲ. ನೀ ಇಲ್ಲಿಂದ ಸುರು ಮಾಡು."

ಮಗಳು ಅಪ್ಪನ ಮುಖ ನೋಡಿದಳು. ಒಳಹೋಗಿ ನನಗೆ ಚಹಾ ತಂದಳು, ಬೈಗುಳ ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ.

ಮರುದಿನ ಆ ಕಟ್ಟೆಯಿಂದಲೇ ಹೊರಟೆ. ಗೌಡರ ಓಣಿ ಮುಟ್ಟಿದಾಗ ನೀರು ನಿಂತಿತ್ತು. ಗೌಡರು ಖಾಲಿ ಕೊಡ ಹಿಡಿದು ನಿಂತಿದ್ದರು.

"ಯಾಕಲೇ, ಇಷ್ಟೊತ್ತು?"

"ಸರದಿ ಬದ್ಲಾಗ್ಯಾದ್ರೀ" ಎಂದೆ, ಕಾಕಾನ ದನಿಯಲ್ಲೇ.