ಕೈಯೂರದೆ ಎದ್ದೆ

ಕುರಿ ಸಾಕುವವಳಿಗೆ ಮಂಡಿ ಹಿಡಿದುಕೊಂಡರೆ ಅರ್ಧ ಬದುಕೇ ನಿಂತಂತೆ. ತಿಪ್ಪಸಂದ್ರದ ಕಡೆಯ ನಮ್ಮ ಹೊಲದಲ್ಲಿ ಒಮ್ಮೆ ಕುಕ್ಕರಗಾಲಲ್ಲಿ ಕೂತರೆ, ಏಳಲು ಅತ್ತೆಯ ಹೆಗಲು ಹಿಡಿಯಬೇಕಾಗುತ್ತಿತ್ತು. ಎಣ್ಣೆ ತಿಕ್ಕಿದೆ, ಮಾತ್ರೆ ನುಂಗಿದೆ, ಕೊನೆಗೆ ಕೂರುವುದನ್ನೇ ಬಿಟ್ಟೆ.

ಮಾಗಡಿಯ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವ ಡಾಕ್ಟರಮ್ಮ ನನ್ನ ಕಾಲನ್ನು ಮಡಿಸಿ, ಚಾಚಿಸಿ ನೋಡಿದರು. "ತೊಡೆಯಲ್ಲಿ ಶಕ್ತಿ ಇಲ್ಲಮ್ಮ, ಅದಕ್ಕೇ ಭಾರವೆಲ್ಲ ಮಂಡಿ ಮೇಲೆ ಬೀಳ್ತಿದೆ," ಎಂದರು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತುವುದು, ಕಾಲನ್ನು ನೆಟ್ಟಗೆ ಎತ್ತಿ ಹಿಡಿಯುವುದು, ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು, ಇಷ್ಟನ್ನು ಹೇಳಿಕೊಟ್ಟರು.

ಮನೆಯಲ್ಲಿ ಅತ್ತೆ ರೇಗಿದರು. "ನೋಯೋ ಕಾಲ್ನ ಒಸಿ ಸುಮ್ಕೆ ಮಡಗೋದ್ ಬುಟ್ಟು, ಯಾಕವ್ವ ಇಂಗ್ ಆಡುಸ್ತೀಯ?"

ಮೊದಮೊದಲು ನನಗೂ ಹಾಗೇ ಅನ್ನಿಸಿತು. ಆದರೂ ಬಿಡಲಿಲ್ಲ. ಬರಬರುತ್ತಾ ಬೆಳಗಿನ ಬಿಗಿತ ಸಡಿಲವಾಯಿತು, ಬಸ್ಸಿನ ಮೆಟ್ಟಿಲು ಹತ್ತುವಾಗ ಹೆದರಿಕೆ ಹೋಯಿತು.

ಮೊನ್ನೆ ನಮ್ಮದೊಂದು ಕುರಿ ಬೇಲಿಯ ಮಗ್ಗುಲಲ್ಲಿ ಈಯಲಾರದೆ ಒದ್ದಾಡುತ್ತಿತ್ತು. ಓಡಿಹೋಗಿ ಕುಕ್ಕರಿಸಿದೆ. ಮರಿಯನ್ನು ಮೆಲ್ಲಗೆ ಎಳೆದುಕೊಂಡು, ಮೂಗಿನ ಲೋಳೆ ಒರೆಸಿ, ಎದೆಗವಚಿಕೊಂಡು ಎದ್ದು ನಿಂತೆ. ಅತ್ತೆ ಮರಿಯ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದರು.

"ಕೈ ಊರ್ದೇ ಎದ್ಬುಟ್ಟಲ್ಲವ್ವ!"

ನನಗೂ ಆಗಲೇ ಗೊತ್ತಾದದ್ದು. ಮಂಡಿ ಸ್ವಲ್ಪ ಚುರುಕ್ಕೆಂದಿತ್ತು, ಅಷ್ಟೇ. ನಗು ಬಂತು, ಕಣ್ಣೂ ಒದ್ದೆಯಾಯಿತು. ಮರಿಯನ್ನು ತಾಯಿಯ ಮುಂದೆ ಬಿಟ್ಟು, ಅತ್ತೆಗೆ ತೋರಿಸಲೆಂದೇ ಇನ್ನೊಂದು ಸಲ ಕೂತು ಎದ್ದೆ.