ಧರಣಿಗೆ ಕೂತ ಸೋಡಾ ಕೊಟ್ರಪ್ಪ

ಎಲ್ಲಿಯಾದರೂ ಧರಣಿಯ ಶಾಮಿಯಾನ ಕಂಡರೆ ನಾನು ಬ್ಯಾನರು ಓದುವುದಕ್ಕೂ ಮೊದಲು ಅದರ ಹಿಂಬದಿಗೆ ಬಗ್ಗಿ ನೋಡುತ್ತೇನೆ. ಅಲ್ಲಿ ಊಟದ ಡಬ್ಬಿ ಇದೆಯೋ, ಬಾಳೆಹಣ್ಣಿನ ಸಿಪ್ಪೆ ಬಿದ್ದಿದೆಯೋ ಎಂಬುದು ನನ್ನ ಮೊದಲ ಚಿಂತೆ. ಕೂತವರ ಬೇಡಿಕೆ ಏನು ಎಂಬುದು ಆಮೇಲಿನ ಮಾತು. ಇದು ಒಳ್ಳೆಯ ಗುಣವಲ್ಲ, ಗೊತ್ತು. ಆದರೆ ಈ ಚಟ ನನಗೆ ಅಂಟಿದ್ದು ನಾನೇ ಒಂದು ಧರಣಿಯಲ್ಲಿ ಕೂತು ಎದ್ದು ಬಂದ ಮೇಲೆ ಎಂದರೆ ನಿಮಗೆ ಆಶ್ಚರ್ಯವಾದೀತು. ನನಗೂ ಆಗುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದೆ. ‘ಉದಾರೀಕರಣದ ಲಾಭಗಳನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆಗೂ ‘ಉದಾರೀಕರಣದ ದುಷ್ಪರಿಣಾಮಗಳನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆಗೂ ನಾನೇ ನೋಟ್ಸ್ ಬರೆಸುತ್ತಿದ್ದೆ. ಎರಡಕ್ಕೂ ಎಂಟೆಂಟು ಅಂಶಗಳು. ಯಾವುದನ್ನು ಬರೆಸುವಾಗಲೂ ನನ್ನ ದನಿ ನಡುಗಿದ್ದಿಲ್ಲ.

ಆ ಬೇಸಿಗೆಯ ಒಂದು ಸೋಮವಾರ ತಾಲ್ಲೂಕು ಕಚೇರಿಯ ಎದುರಿಗೆ ಶಾಮಿಯಾನ ಎದ್ದಿತು. ಬ್ಯಾನರು ಬರೆದವನು ಊರಿನ ಹೆಸರಿನಿಂದ ಶುರು ಮಾಡಿ ಕೆಟ್ಟಿದ್ದ. ಬಸ್ಸಿನ ಬೋರ್ಡು ಬರೆಯುವವರು ಜಾಣರು, ‘ಹ.ಬೊ.ಹಳ್ಳಿ’ ಎಂದು ಗೀಚಿ ಕೈ ತೊಳೆದುಕೊಳ್ಳುತ್ತಾರೆ. ಈತ ಒಂದಕ್ಷರವನ್ನೂ ಬಿಡದೆ ‘ಹಗರಿಬೊಮ್ಮನಹಳ್ಳಿ’ ಎಂದು ಬರೆಯುವಷ್ಟರಲ್ಲಿ ಬಟ್ಟೆ ಮುಕ್ಕಾಲು ಮುಗಿದಿತ್ತು. ನಡುವಿನ ‘ಬಹುರಾಷ್ಟ್ರೀಯ ಕಂಪನಿಗಳೇ’ ಎಂಬುದು ಇರುವೆ ಸಾಲಿನಂತಾಗಿ, ಕೊನೆಗೆ ‘ತೊಲಗಿ’ ಎಂಬುದಷ್ಟೇ ದಪ್ಪಗೆ ಉಳಿದಿತ್ತು. ದೂರದಿಂದ ಓದಿದವರಿಗೆ ನಮ್ಮೂರಿಗೇ ತೊಲಗಲು ಹೇಳಿದಂತೆ ಕಾಣುತ್ತಿತ್ತು.

ಮುಂದಾಳು ಮರುಳಪ್ಪ ಮೇಷ್ಟ್ರು. ನಿವೃತ್ತ ಚಿತ್ರಕಲಾ ಶಿಕ್ಷಕರು. ‘ಬಂಡವಾಳಶಾಹಿ’ ಎಂಬ ಮಾತನ್ನು ಅವರು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದರೆಂದರೆ ದಾರಿಯಲ್ಲಿ ಹೋಗುವವರು ನಿಂತು, “ಅವನ್ಯಾರಪಾ ಬಂಡವಾಳಶಾಹಿ? ಹೊಸಾ ತಹಸೀಲ್ದಾರನ?” ಎಂದು ವಿಚಾರಿಸುತ್ತಿದ್ದರು. ಅವರ ಪಕ್ಕದಲ್ಲಿ ಸೋಡಾ ಕೊಟ್ರಪ್ಪ. ಈ ಸೀಮೆಯಲ್ಲಿ ಕಲ್ಲು ಬೀಸಿದರೆ ಒಬ್ಬ ಕೊಟ್ರಪ್ಪನಿಗೋ ಕೊಟ್ರೇಶನಿಗೋ ತಗಲುವುದರಿಂದ ಹೆಸರಿನ ಹಿಂದೆ ಕಸುಬು ಹಚ್ಚುವುದು ರೂಢಿ. ಕೊಟ್ರಪ್ಪನದು ಗೋಲಿ ಸೋಡಾ. ಧರಣಿಯ ಜಾಗದಿಂದ ರಸ್ತೆ ದಾಟಿದರೆ ಅವನ ಅಂಗಡಿ, ಅದರ ಹಿಂದೆ ಮನೆ, ಹಿತ್ತಲಲ್ಲಿ ಸೋಡಾ ತುಂಬುವ ಮಷೀನು. ವಿದೇಶಿ ಕಂಪನಿಯ ತಂಪು ಪಾನೀಯ ಕೆಂಪು ವ್ಯಾನಿನಲ್ಲಿ ಊರಿಗೆ ಬರತೊಡಗಿದ ಮೇಲೆ ಅವನ ಗೋಲಿಯ ‘ಕುಯ್ಯ್’ ಎನ್ನುವ ಸದ್ದು ಕಡಿಮೆಯಾಗುತ್ತ ಬಂದಿತ್ತು. ಇವರಿಬ್ಬರ ಜೊತೆಗೆ ಹಡಗಲಿ, ಕೂಡ್ಲಿಗಿ ಕಡೆಯಿಂದ ಪಾಳಿಯ ಮೇಲೆ ಬಂದು ಹೋಗುವ ನಾಲ್ಕಾರು ರೈತರು.

ಊರಿನ ನಿಜವಾದ ನ್ಯಾಯಾಲಯ ಮಾತ್ರ ಒಗ್ಗರಣಿ-ಮಿರ್ಚಿಯ ಹೋಟೆಲಿನಲ್ಲಿತ್ತು. ಅದರ ನ್ಯಾಯಾಧೀಶ ನನ್ನ ಗೆಳೆಯ ಚನ್ನಬಸಪ್ಪ, ಬಟ್ಟೆ ವ್ಯಾಪಾರಿ. ಮೊದಲ ದಿನವೇ ತೀರ್ಪು ಕೊಟ್ಟ.

“ಕೊಟ್ರಪ್ಪ ಯಾಕ ಕುಂತಾನ? ಅವನ ಸೋಡಾ ಹೋಗವಲ್ದು, ಅದಕ್ಕ ಕುಂತಾನ. ಅದು ಹೋರಾಟನ? ಅದೂ ವ್ಯಾಪಾರನ ಐತಿ.”

“ಮರುಳಪ್ಪ ಮೇಷ್ಟ್ರದು ಸೋಡಾ ಅಂಗಡಿ ಇಲ್ಲಲ್ಲ?” ಎಂದೆ.

“ಅದಕ್ಕ ನೋಡು ಮತ್ತ! ಅವರ್ದೇನೂ ಲುಕ್ಸಾನ ಆಗಿಲ್ಲ. ರಿಟೈರ್ ಆಗ್ಯಾರ, ಮನ್ಯಾಗ ಹೊತ್ತು ಹೋಗವಲ್ದು. ಇಲೆಕ್ಷನ್ನಿಗೆ ನಿಂದರ್ತಾರ, ಬರದಿಟ್ಕ.”

ನಾನು ಮಿರ್ಚಿ ಕಡಿಯುತ್ತ ಯೋಚಿಸಿದೆ. ನಷ್ಟವಾದವನು ಕೂತರೆ ಸ್ವಾರ್ಥ. ನಷ್ಟವಾಗದವನು ಕೂತರೆ ಹೊತ್ತುಗಳೆತ. ಹಾಗಾದರೆ ಯಾರು ಕೂತರೆ ನಾವು ನಂಬುವುದು? ಇದನ್ನು ಕೇಳಿದ್ದಕ್ಕೆ ಚನ್ನಬಸಪ್ಪ ನನ್ನನ್ನೇ ಆ ಕೆಲಸಕ್ಕೆ ನೇಮಿಸಿಬಿಟ್ಟ.

“ನೀ ಓದಿದಾಂವ. ಆ ಕಡಿಯಾಂವನೂ ಅಲ್ಲ, ಈ ಕಡಿಯಾಂವನೂ ಅಲ್ಲ. ಹೋಗಿ ತಾಸೊತ್ತು ಕುಂತು ನೋಡ್ಕೆಂಡ್ ಬಾರಲೇ. ಖರೇನ, ಸುಳ್ಳ, ಬಂದು ಹೇಳು. ಉಪವಾಸ ಅಂತಾರ, ಹಿಂದ ಡಬ್ಬಿ ಇಟ್ಕಂಡಾರಂತ.”

ಎರಡೂ ಕಡೆಯವನಲ್ಲ ಎಂಬ ಮಾತನ್ನು ನಾನು ಹೊಗಳಿಕೆಯೆಂದೇ ತಿಳಿದು ಮಧ್ಯಾಹ್ನ ಅಲ್ಲಿಗೆ ಹೋದೆ. ಮರುಳಪ್ಪ ಮೇಷ್ಟ್ರು ಏನೂ ಕೇಳದೆ ಸರಿದು ಚಾಪೆಯಲ್ಲಿ ಜಾಗ ಕೊಟ್ಟರು. ಕೂತು ಹಿಂದೆ ನೋಡಿದರೆ ಡಬ್ಬಿ ಇತ್ತು! ಒಂದಲ್ಲ, ಮೂರು. ನನ್ನೊಳಗಿನ ಪತ್ತೇದಾರ ಎದ್ದು ಕೂತ. ಅಷ್ಟರಲ್ಲಿ ಕೊಟ್ರಪ್ಪನೇ ಒಂದನ್ನು ಬಿಚ್ಚಿ ಜೋಳದ ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿಪುಡಿ ಹಾಕಿ ನನ್ನ ಮುಂದೆ ಹಿಡಿದ.

“ಉಪವಾಸ ಅಲ್ಲೇನು?” ಎಂದೆ.

“ಯಾರು ಹೇಳಿದ್ರು ಸಾರ್? ಬರೇ ಧರಣಿ. ಉಂಡು ಕುಂದ್ರೋದು.”

ಉಪವಾಸವೆಂದು ಕೂತವರು ಎಲ್ಲಿಯೂ ಹೇಳಿರಲಿಲ್ಲ. ಉಪವಾಸವೆಂದು ತೀರ್ಮಾನಿಸಿದ್ದು ಊರು; ಮಾಡುತ್ತಿಲ್ಲವೆಂದು ಬೈಯುತ್ತಿದ್ದದ್ದೂ ಊರೇ. ಹಿಂದಿನ ಕಾಲದಲ್ಲಿ ಅನ್ಯಾಯ ಮಾಡಿದವನ ಮನೆಯ ಬಾಗಿಲಿಗೇ ಹೋಗಿ ಅನ್ನ ನೀರು ಬಿಟ್ಟು ಕೂರುತ್ತಿದ್ದರಂತೆ, ಒಳಗಿನವನೂ ಉಣ್ಣುವಂತಿರಲಿಲ್ಲವಂತೆ. ಆಗ ಕೂತವನ ಪ್ರಾಮಾಣಿಕತೆಯನ್ನು ಒಳಗಿನವನ ಹೊಟ್ಟೆಯೇ ಅಳೆಯುತ್ತಿತ್ತು. ಈಗ ಅನ್ಯಾಯ ಮಾಡಿದವನ ಬಾಗಿಲು ಸಮುದ್ರದ ಆಚೆ ಎಲ್ಲೋ ಇದೆ. ತಹಸೀಲ್ದಾರರ ಬಾಗಿಲಿಗೆ ಕೂತರೆ ಅವರು ಹಿಂಬಾಗಿಲಿನಿಂದ ಊಟಕ್ಕೆ ಹೋಗುತ್ತಾರೆ. ಇಷ್ಟು ಪಾಂಡಿತ್ಯವನ್ನು ಮನಸ್ಸಿನಲ್ಲೇ ಹರಡಿಕೊಂಡು ನಾನು ರೊಟ್ಟಿ ತಿನ್ನುತ್ತಿದ್ದಾಗ ಪತ್ರಿಕೆಯವನೊಬ್ಬ ಬಂದು ಫೋಟೋ ತೆಗೆದ. ತೆಗೆಯುವ ಮುನ್ನ ನಾನು ರೊಟ್ಟಿ ಕೆಳಗಿಟ್ಟು, ಗಲ್ಲದ ಮೇಲೆ ಕೈಯಿಟ್ಟು, ಹುಬ್ಬು ಗಂಟಿಕ್ಕಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಮರುದಿನ ಪತ್ರಿಕೆಯಲ್ಲಿ ‘ಧರಣಿಗೆ ಉಪನ್ಯಾಸಕರ ಬೆಂಬಲ’ ಎಂದು ಬಂತು. ಹೋಟೆಲಿಗೆ ಹೋದರೆ ನನ್ನ ಮೇಲೆಯೇ ತೀರ್ಪು ಸಿದ್ಧವಾಗಿತ್ತು. ಪ್ರಿನ್ಸಿಪಾಲರ ಮೇಲಿನ ಸಿಟ್ಟಿಗೆ ಕೂತನೆಂದು ಒಬ್ಬರು, ಫೋಟೋದ ಆಸೆಗೆ ಕೂತನೆಂದು ಇನ್ನೊಬ್ಬರು. “ನೀನ ಕಳಿಸಿದ್ದಿ ನನ್ನ!” ಎಂದು ಚನ್ನಬಸಪ್ಪನಿಗೆ ಹೇಳಿದರೆ, “ನೋಡಾಕ ಕಳಿಸಿದ್ದೆ, ಗಲ್ಲಕ್ಕ ಕೈ ಹಚ್ಚಾಕಲ್ಲ” ಎಂದ. ಮನೆಯಲ್ಲಿ ಹೆಂಡತಿ ಪತ್ರಿಕೆ ಮಡಿಚಿಟ್ಟು ಮೆಲ್ಲಗೆ ಕೇಳಿದಳು: “ಖರೇ ಹೇಳ್ರಿ, ಯಾಕ ಹೋಗಿದ್ರಿ?”

ಬೇಹುಗಾರಿಕೆಗೆ ಹೋದೆ ಎಂದರೆ ನಾಚಿಕೆ. ನಂಬಿ ಹೋದೆ ಎಂದರೆ ಸುಳ್ಳು. ಆದರೆ ಕೂತ ಮೇಲೆ, ಕೊಟ್ರಪ್ಪ ಆ ರೊಟ್ಟಿ ಕೊಟ್ಟ ಮೇಲೆ, ಒಂಥರಾ ಹಿತವಾಗಿದ್ದಂತೂ ನಿಜ. ಮರುದಿನ ಹೋದೆ, ಅದರ ಮರುದಿನವೂ ಹೋದೆ. ಚನ್ನಬಸಪ್ಪನ ಮೇಲಿನ ಹಟಕ್ಕೋ, ಮರುಳಪ್ಪ ಮೇಷ್ಟ್ರ ಮಾತು ತಲೆಗೆ ಹತ್ತಿತ್ತೋ, ಇಂದಿಗೂ ಬಗೆಹರಿದಿಲ್ಲ.

ಎರಡನೆಯ ವಾರದಲ್ಲಿ ಕೆಂಪು ವ್ಯಾನು ನೇರವಾಗಿ ಕೊಟ್ರಪ್ಪನ ಅಂಗಡಿಯ ಮುಂದೆ ಬಂದು ನಿಂತಿತು. ಇಳಿದ ಏಜೆಂಟ ನಗುನಗುತ್ತ ರಸ್ತೆ ದಾಟಿ ಬಂದು, ಎಲ್ಲರೆದುರಿಗೇ ಕೊಟ್ರಪ್ಪನಿಗೆ ಹೇಳಿದ: ಆ ಬೀದಿಗೆಲ್ಲ ಮಾರಾಟದ ಹಕ್ಕು ನಿನಗೇ, ಫ್ರಿಜ್ಜು ಪುಕ್ಕಟೆ, ಮೇಲೊಂದು ದೊಡ್ಡ ಛತ್ರಿ. ಕೊಟ್ರಪ್ಪ ಒಮ್ಮೆ ಮೇಷ್ಟ್ರ ಮುಖ ನೋಡಿದ, ಒಮ್ಮೆ ನನ್ನ ಮುಖ ನೋಡಿದ, ಎದ್ದು ಮನೆಗೆ ಹೋದ. ಮರುದಿನ ಅವನ ಜಾಗ ಖಾಲಿ. ಹೋಟೆಲಿನಲ್ಲಿ ಅವತ್ತು ಹಬ್ಬ.

ನನಗೆ ಮಾತ್ರ ಯಾರೋ ಮೋಸ ಮಾಡಿದಂತೆ ಸಂಕಟವಾಯಿತು. ಬೇಹುಗಾರನಿಗೆ ಸಂಕಟವಾಗಲು ಏನು ಹಕ್ಕು? ಆದರೂ ತಡೆಯಲಾರದೆ ಅವನ ಹಿತ್ತಲಿಗೆ ಹೋದೆ. ಕೊಟ್ರಪ್ಪ ಮಷೀನಿನ ಮುಂದೆ ಸುಮ್ಮನೆ ಕೂತಿದ್ದ. ಬಾಟಲಿ ಸಿಡಿದು ಆದ ಹಳೆಯ ಗಾಯದ ಗುರುತನ್ನು ಅಂಗೈಯಲ್ಲಿ ಉಜ್ಜಿಕೊಳ್ಳುತ್ತಿದ್ದ. ಕಲ್ಲುಚಪ್ಪಡಿಯ ಹತ್ತಿರ ಅವನ ಕೂಲಿಯಾಳು ಹನುಮಕ್ಕ ಗೋಲಿ ಬಾಟಲಿ ತೊಳೆಯುತ್ತಿದ್ದಳು. ಇಪ್ಪತ್ತು ವರ್ಷದಿಂದ ಅವಳಿಗೆ ಅದೇ ಕೆಲಸ.

“ಏನು ಮಾಡ್ತಿ ಕೊಟ್ರಪ್ಪ?”

“ಬುಚ್ಚಿನ ರಬ್ಬರು ಸಿಗವಲ್ದು ಸಾರ್. ಬಾಟ್ಲಿ ಮಾಡೋರೂ ಬಿಟ್ಟಾರಂತ. ಇದು ಎಲ್ಲಿ ಮಟ ನಡೀತೈತಿ? ಅವನ ಫ್ರಿಜ್ಜು ತಗಂಡ್ರ ಅಂಗಡಿ ಉಳೀತೈತಿ.” ತಡೆದು, ದನಿ ತಗ್ಗಿಸಿದ. “ಆದ್ರ ಅವನ ಬಾಟ್ಲಿ ನಾವು ತೊಳಿಯಂಗಿಲ್ರಿ. ವ್ಯಾನಿನಾಗ ವಾಪಸ್ ಹೋಗತಾವ.”

ಹನುಮಕ್ಕನ ಕಿವಿ ಚುರುಕು. ಕೈ ನಿಲ್ಲಿಸದೆಯೇ ಅಂದಳು: “ತಗಳಪಾ ನೀನು. ನಾ ಎಲ್ಲೆರ ನಾಕು ಮನಿ ಮುಸರಿ ತಿಕ್ಕತೀನಿ. ನನ್ನ ಸಲುವಾಗಿ ಅಂಗಡಿ ಮುಚ್ಚತಿಯೇನು?”

ನಾನು ನೋಟ್ಸಿನ ಹದಿನಾರು ಅಂಶಗಳನ್ನೂ ನೆನಪಿಸಿಕೊಂಡೆ. ಅದರಲ್ಲಿ ಒಂದೂ ಈ ಹಿತ್ತಲಿಗೆ ಹೊಂದಲಿಲ್ಲ.

ಎರಡು ದಿನ ಕಳೆದು ಅಂಗಡಿಯಲ್ಲಿ ಕೆಂಪು ಫ್ರಿಜ್ಜು ಬಂದು ಕೂತಿತು. ಅದೇ ದಿನ ಮಧ್ಯಾಹ್ನ ಕೊಟ್ರಪ್ಪ ರಸ್ತೆ ದಾಟಿ ಬಂದು ಧರಣಿಯ ಚಾಪೆಯ ಮೇಲೆ ತನ್ನ ಜಾಗದಲ್ಲಿ ಕೂತ. ಮರುಳಪ್ಪ ಮೇಷ್ಟ್ರು ದಿಗ್ಭ್ರಾಂತರಾದರು.

“ಕೊಟ್ರಪ್ಪ, ಅವರ ಮಾಲು ಮಾರ್ಕೆಂತ ಅವರ ವಿರುದ್ಧ ಕುಂದ್ರೋದು ಹೆಂಗಾಗತೈತಿ? ಜನ ನಗತಾರ.”

“ಮೊದಲೂ ನಗತಿದ್ರಲ್ರಿ ಮೇಷ್ಟ್ರ. ಆವಾಗ ಬರೇ ಸಿಟ್ಟಿತ್ತು. ಈಗ ಅವರು ಏನು ಕೊಡ್ತಾರ, ಏನು ಕಸಗಂತಾರ, ಎರಡೂ ಗೊತ್ತಾಗ್ಯಾವ. ವಾರದಾಗ ಎರಡು ದಿನ ಸೋಡಾನೂ ಮಾಡ್ತೀನಿ, ಹನುಮಕ್ಕಗ ಬಾಟ್ಲಿ ಬೇಕಲ್ಲ. ಏಳು ಅಂದ್ರ ಏಳ್ತೀನಿ.”

ಮೇಷ್ಟ್ರು ನನ್ನ ಕಡೆ ತಿರುಗಿದರು. “ನೀವು ಹೇಳ್ರಿ. ನೀವು ತಟಸ್ಥ ಅದೀರಿ.” ನಡೆ ನುಡಿ ಒಂದಾಗಿರಬೇಕೆಂದು ನಮ್ಮ ಸೀಮೆಯ ಶಾಲೆಗಳ ಗೋಡೆ ಗೋಡೆಗೂ ಬರೆಸಿದ್ದಾರೆ. ಆ ಲೆಕ್ಕದಲ್ಲಿ ಅವನನ್ನು ಎಬ್ಬಿಸಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು, “ಬಿಸಿಲು ಭಾಳ ಐತಿ, ಕುಂದ್ರಲಿ ಬಿಡ್ರಿ” ಎಂಬ ಮಾತು. ಅದು ತೀರ್ಪೂ ಅಲ್ಲ, ಅಭಿಪ್ರಾಯವೂ ಅಲ್ಲ. ಅವನು ಕೂತ. ಗಿರಾಕಿ ಬಂದಾಗ ಎದ್ದು ಹೋಗಿ ಫ್ರಿಜ್ಜು ತೆಗೆದು ಬಾಟಲಿ ಕೊಟ್ಟು, ಮರಳಿ ಬಂದು ಘೋಷಣೆಯನ್ನು ಬಿಟ್ಟಲ್ಲಿಂದ ಹಿಡಿಯುತ್ತಿದ್ದ. ಹೋಟೆಲಿನವರು ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಬಂದು ಈ ನೋಟ ನೋಡುತ್ತಿದ್ದರು.

ಇಪ್ಪತ್ತನೆಯ ದಿನ ಯಾರೋ ಮಂತ್ರಿಗಳು ಆ ದಾರಿಯಲ್ಲಿ ಹಾದುಹೋಗುವವರಿದ್ದರು. ಬೆಳಿಗ್ಗೆಯೇ ಪೊಲೀಸ್ ವ್ಯಾನು ಬಂತು. ಸಂಜೆ ಬಿಡುತ್ತೇವೆ, ಸುಮ್ಮನೆ ಹತ್ತಿ ಎಂದರು. ಹೆಸರು ಬರೆದುಕೊಳ್ಳುತ್ತಿದ್ದ ಪೇದೆ ನನ್ನ ಹಳೆಯ ವಿದ್ಯಾರ್ಥಿ. ನನ್ನ ಹತ್ತಿರ ಬಂದು ಪೆನ್ನು ಎತ್ತಿ ಹಿಡಿದ. “ಸಾರ್, ನೀವು ಸುಮ್ನ ಕುಂತಿದ್ರಿ, ಹೌದಿಲ್ರಿ? ಹೋಗಿಬಿಡ್ರಿ. ಕಾಲೇಜಿನಾಗ ತ್ರಾಸ ಆಗತೈತಿ.”

ಮೂರು ವಾರದಿಂದ ಎಲ್ಲರೂ ನನ್ನನ್ನು ಕೇಳುತ್ತಿದ್ದ ಪ್ರಶ್ನೆಯನ್ನೇ ಅವನೂ ಕೇಳಿದ್ದ, ಆದರೆ ಇಷ್ಟು ಪ್ರೀತಿಯಿಂದ ಯಾರೂ ಕೇಳಿರಲಿಲ್ಲ. ‘ಹೌದು’ ಎಂದರೆ ಮನೆಗೆ. ‘ಇಲ್ಲ’ ಎಂದರೆ ವ್ಯಾನಿಗೆ. ಮರುಳಪ್ಪ ಮೇಷ್ಟ್ರು ಆಗಲೇ ವ್ಯಾನು ಹತ್ತಿ ಕೂತು, ನಾನು ಏನು ಹೇಳುವೆನೋ ಎಂದು ನೋಡುತ್ತಿದ್ದರು. ಅಷ್ಟರಲ್ಲಿ ಕೊಟ್ರಪ್ಪ ನನ್ನ ಕೈಯಲ್ಲಿ ಏನನ್ನೋ ತುರುಕಿದ.

“ಸಾರ್, ಅಂಗಡಿ ಬೀಗದ ಕೈ. ತೆರೆದಿಡ್ರಿ, ಇಲ್ಲಾಂದ್ರ ಏಜೆಂಟ ಫ್ರಿಜ್ಜು ಒಯ್ತಾನ. ಯಾರರ ಕೇಳಿದ್ರ ಬಾಟ್ಲಿ ಕೊಡ್ರಿ.”

ಹೀಗೆ ನನ್ನ ಉತ್ತರವನ್ನು ನಾನು ಕೊಡದೆಯೇ ವ್ಯಾನು ಹೋಯಿತು. ವಿದೇಶಿ ಪಾನೀಯದ ವಿರುದ್ಧ ಬಂಧಿತನಾದವನ ಅಂಗಡಿಯಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕನೊಬ್ಬ ಇಡೀ ದಿನ ಆ ಪಾನೀಯವನ್ನೇ ಮಾರುತ್ತ ಕೂತ. ಸಮಾಧಾನವಾಗಿತ್ತು, ನಾಚಿಕೆಯೂ ಆಗುತ್ತಿತ್ತು. ಒಂದು ಗಂಟೆಗೆ ಕರೆಂಟು ಹೋಗಿ ಬಾಟಲಿಗಳು ಬೆಚ್ಚಗಾದವು. ಚನ್ನಬಸಪ್ಪ ಬಂದು ಬೆಚ್ಚಗಿನದನ್ನೇ ಒಂದು ಕುಡಿದ, ಮುಖ ಹಿಂಡಿಕೊಂಡು, ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಬಹಳ ಹೊತ್ತು ಕೂತ. ಆಶ್ಚರ್ಯವೆಂದರೆ ಏನೂ ತೀರ್ಪು ಕೊಡಲಿಲ್ಲ. ಹೋಗುವಾಗ “ಅವ್ರಿಗೆ ಊಟ ಕೊಟ್ಟಾರೋ ಇಲ್ಲೋ ಸ್ಟೇಶನ್ನಿನ್ಯಾಗ?” ಎಂದಷ್ಟೇ ಕೇಳಿದ. ಹಿತ್ತಲಲ್ಲಿ ಹನುಮಕ್ಕನ ಬಾಟಲಿಗಳ ಸದ್ದು ಕೇಳುತ್ತಿತ್ತು.

ಸಂಜೆ ಬಿಡುಗಡೆಯಾಗಿ ಕೊಟ್ರಪ್ಪ ಬಂದ. ಬಂದವನೇ ಆತಂಕದಿಂದ ಕೇಳಿದ: “ಸಾರ್, ಅವರ ಮಾಲು ಭಾಳ ಹೋಗಿಲ್ಲ ಹೌದಿಲ್ರಿ?”

“ಹನ್ನೊಂದು ಹೋದವು.”

“ಹನ್ನೊಂದ? ಸದ್ಯ!” ಎಂದು ನೆಮ್ಮದಿಯ ಉಸಿರು ಬಿಟ್ಟ. ಟವೆಲಿನಿಂದ ಮುಖ ಒರೆಸಿಕೊಂಡ. ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಇಣುಕಿದ. ಹಾಗೇ ನೋಡುತ್ತ ನಿಂತು, ನನ್ನ ಕಡೆ ತಿರುಗಿ, ಬಾಡಿದ ಮುಖದಲ್ಲಿ ಕೇಳಿದ:

“ಹನ್ನೊಂದ ಏನ್ರಿ? ಇಂಥಾ ಬಿಸಿಲಿನ್ಯಾಗ?”

ಎರಡು ಮಾತುಗಳ ನಡುವೆ ಮುಖ ಒರೆಸಿಕೊಳ್ಳುವಷ್ಟೇ ಅಂತರ. ಎರಡನ್ನೂ ನಾನು ಎದುರಿಗೆ ನಿಂತು ಕೇಳಿದೆ. ಅವನು ಎರಡರಲ್ಲೂ ಸುಳ್ಳಾಡುತ್ತಿರಲಿಲ್ಲ.